ಅಚ್ಚಖಾರದ ಪುಡಿಯ ಬಣ್ಣ: ಎಷ್ಟು ವ್ಯತ್ಯಾಸ ಒಪ್ಪಬಹುದು?

ರಾಜಾಜಿನಗರ, ವಿಜಯನಗರ, ಕೆಂಗೇರಿಯ ಅಂಗಡಿಗಳಲ್ಲಿ ಅಚ್ಚಖಾರದ ಪುಡಿ ಕೊಳ್ಳುವವರು ಮೊದಲು ನೋಡುವುದು ಅದರ ಬಣ್ಣವನ್ನು. ಕಡುಗೆಂಪು ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕಾಯಿಯನ್ನು ಪುಡಿ ಮಾಡಿಸಿ ಮಾರುವ ರೈತರಿಗೆ ಬಣ್ಣದ ಕಾರಣದಿಂದ ಸರಕು ಹಿಂದಿರುಗಿದರೆ ಸಾಗಣೆಯ ಖರ್ಚೂ ಸೇರಿ ನಷ್ಟವಾಗುತ್ತದೆ. "ಬಣ್ಣ ಸರಿಯಿಲ್ಲ" ಎಂಬ ತೀರ್ಮಾನ ನೋಡುವವರ ಕಣ್ಣು ಮತ್ತು ಬೆಳಕಿಗೆ ತಕ್ಕಂತೆ ಬದಲಾಗುತ್ತದೆ. ಬಣ್ಣ ಅಳೆಯುವ ಯಂತ್ರ ಈ ವಿವಾದವನ್ನು ತಪ್ಪಿಸಬಲ್ಲದು. ಆದರೆ ಅದರಲ್ಲಿ ಒಪ್ಪಿಗೆಯ ಮಿತಿಯನ್ನು ಸರಿಯಾಗಿ ಗೊತ್ತುಪಡಿಸಿರಬೇಕು.

ಅಂಕಿಗಳ ಅರ್ಥ

1976ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಪದ್ಧತಿಯಂತೆ ಯಂತ್ರವು ಮೂರು ಅಂಕಿ ಕೊಡುತ್ತದೆ. 'ಎಲ್' ಎಂಬುದು ತಿಳುಪು. ಕಪ್ಪಿಗೆ 0, ಬಿಳಿಗೆ 100. 'ಎ' ಹೆಚ್ಚಿದಷ್ಟೂ ಕೆಂಪು, 'ಬಿ' ಹೆಚ್ಚಿದಷ್ಟೂ ಹಳದಿ. ಮಾದರಿಗೂ ಸರಕಿಗೂ ಇರುವ ಮೂರು ವ್ಯತ್ಯಾಸಗಳನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ ಒಟ್ಟು ವ್ಯತ್ಯಾಸ, ಅಂದರೆ 'ಡೆಲ್ಟಾ ಇ' ಸಿಗುತ್ತದೆ.

ಉದಾಹರಣೆಗೆ, ಮಾದರಿಯ ಅಂಕಿಗಳು ಕ್ರಮವಾಗಿ 38, 28, 26 ಎಂದಿರಲಿ. ಒಂದು ಸರಕು 40, 26, 27 ತೋರಿಸಿದರೆ ವ್ಯತ್ಯಾಸಗಳ ವರ್ಗ 4, 4, 1, ಒಟ್ಟು 9, ವರ್ಗಮೂಲ 3. ಇನ್ನೊಂದು ಸರಕು 38, 31, 26 ತೋರಿಸಿದರೂ ಒಟ್ಟು ವ್ಯತ್ಯಾಸ 3 ಆಗುತ್ತದೆ. ಮೊದಲನೆಯದು ಕೆಂಪು ಕುಂದಿ ಮಾಸಲಾಗಿದೆ; ಎರಡನೆಯದು ಮಾದರಿಗಿಂತ ಕೆಂಪಾಗಿದೆ. ಆದ್ದರಿಂದ ಡೆಲ್ಟಾ ಇ ಒಂದನ್ನೇ ನಂಬದೆ ಮೂರು ಅಂಕಿಗಳಿಗೂ ಬೇರೆ ಬೇರೆ ಮಿತಿ ಇಡುವುದು ಸೂಕ್ತ. 'ಎ'ಗೆ ಕೆಳಮಿತಿ ಬಿಗಿಯಾಗಿರಲಿ, ಮೇಲ್ಮಿತಿ ಸಡಿಲವಾಗಿರಲಿ.

ಮಿತಿ ಗೊತ್ತುಪಡಿಸುವ ಕ್ರಮ

1. ಯಂತ್ರವನ್ನು ಅದರೊಂದಿಗೆ ಬರುವ ಬಿಳಿ ಬಿಲ್ಲೆಯಿಂದ ಪ್ರತಿದಿನ ಸರಿಹೊಂದಿಸಬೇಕು.

2. ಎಲ್ಲ ನಮೂನೆಗಳನ್ನೂ ಒಂದೇ ಜರಡಿಯಲ್ಲಿ ಜಾಲಿಸಿ, ಬಟ್ಟಲಿಗೆ ಒಂದೇ ಮಟ್ಟಕ್ಕೆ ತುಂಬಬೇಕು. ನುಣುಪಾದ ಪುಡಿ ತರಿಪುಡಿಗಿಂತ ತಿಳಿಯಾಗಿ ಕಾಣುತ್ತದೆ.

3. ಒಂದೇ ಪುಡಿಯನ್ನು ಹತ್ತು ಸಲ ಸುರಿದು, ತುಂಬಿ ಅಳೆಯಬೇಕು. ಇದರಲ್ಲೇ ಒಂದು ಅಂಕಿಯಷ್ಟು ಏರಿಳಿತ ಕಂಡರೆ, ಅರ್ಧ ಅಂಕಿಯ ಮಿತಿ ಇಡುವುದು ನಿರರ್ಥಕ. ಒಳ್ಳೆಯ ಸರಕೂ ತಿರಸ್ಕೃತವಾದೀತು.

4. ಬೇರೆ ಬೇರೆ ಕಾಯಿಯಿಂದ ಮಾಡಿದ ಇಪ್ಪತ್ತು ಮೂವತ್ತು ನಮೂನೆಗಳನ್ನು ಕೊಳ್ಳುವವರೂ ಬೆಳೆದವರೂ ಒಟ್ಟಿಗೆ ಕುಳಿತು, ಒಂದೇ ಬೆಳಕಿನಲ್ಲಿ 'ಆಗಬಹುದು', 'ಆಗದು' ಎಂದು ವಿಂಗಡಿಸಬೇಕು. ನಂತರ ಎರಡೂ ಗುಂಪುಗಳನ್ನು ಅಳೆದು, ಅವು ಬೇರ್ಪಡುವ ಅಂಕಿಯನ್ನು ಮಿತಿಯಾಗಿ ಯಂತ್ರಕ್ಕೆ ಕೊಡಬೇಕು. ಯಂತ್ರದೊಂದಿಗೆ ಬಂದ ಮಿತಿಯನ್ನು ಹಾಗೆಯೇ ಬಳಸಬಾರದು.

5. ಒಪ್ಪಿದ ಅಂಕಿಗಳನ್ನು ಕರಾರುಪತ್ರದಲ್ಲಿ ಬರೆಸಬೇಕು. ಬೆಳಕು, ಗಾಳಿ, ಶಾಖಕ್ಕೆ ಮೆಣಸಿನ ಕೆಂಪು ಮಾಸುವುದರಿಂದ ಮಾದರಿಯ ಪೊಟ್ಟಣವನ್ನು ಮುಚ್ಚಿ, ಕತ್ತಲೆಯ ತಂಪು ಜಾಗದಲ್ಲಿಡಬೇಕು. ಹೋಲಿಕೆಗೆ ಅದರ ಮೊದಲ ಅಂಕಿಗಳನ್ನೇ ಬಳಸಬೇಕು.

ಎಚ್ಚರಿಕೆ

ಮಿತಿಗೆ ಹೊಂದಿಸಲೆಂದು ಪುಡಿಗೆ ಬಣ್ಣ ಬೆರೆಸುವುದು ಕಾನೂನಿಗೆ ವಿರುದ್ಧ, ಆರೋಗ್ಯಕ್ಕೂ ಹಾನಿ. ಅಲ್ಲದೆ ಈ ಯಂತ್ರ ಅಳೆಯುವುದು ಮೇಲ್ನೋಟದ ಬಣ್ಣವನ್ನು ಮಾತ್ರ. ವ್ಯಾಪಾರಿಗಳು ಕೇಳುವ 'ಆಸ್ಟಾ' ಮೌಲ್ಯಕ್ಕೆ ಪುಡಿಯಿಂದ ಬಣ್ಣವನ್ನು ದ್ರಾವಕದಲ್ಲಿ ಇಳಿಸಿ ಬೇರೆ ಪರೀಕ್ಷೆ ಮಾಡಬೇಕಾಗುತ್ತದೆ. ಕರಾರಿನಲ್ಲಿ ಯಾವುದನ್ನು ಕೇಳಿದ್ದಾರೆಂದು ಮೊದಲೇ ತಿಳಿದುಕೊಂಡು ಸರಕು ಕಳುಹಿಸಿದರೆ ನಷ್ಟ ತಪ್ಪುತ್ತದೆ.