ಅವ್ವ ಕಟ್ಟಿದ ಮುಡಿಪು

2025ರ ಆಗಸ್ಟ್ 1ರ ರಾತ್ರಿ ನಮ್ಮ ಕುಂದಲಹಳ್ಳಿ ಮೆಟ್ರೊ ನಿಲ್ದಾಣವನ್ನು ಹಾದುಹೋದ ರೈಲೊಂದರಲ್ಲಿ ಯಾರದೋ ಲಿವರ್ ಇತ್ತು. ವೈಟ್‌ಫೀಲ್ಡ್‌ನ ವೈದೇಹಿ ಆಸ್ಪತ್ರೆಯಿಂದ ಹೊರಟು, ಕಾಡುಗೋಡಿಯಲ್ಲಿ ನೇರಳೆ ಮಾರ್ಗದ ರೈಲು ಹತ್ತಿ, ಸುಮಾರು 31 ಕಿಲೋಮೀಟರ್ ದೂರದ ರಾಜರಾಜೇಶ್ವರಿನಗರ ತಲುಪಿ, ಅಲ್ಲಿ ಕಾಯುತ್ತಿದ್ದ ರೋಗಿಯನ್ನು ಸೇರಿತು. ನಮ್ಮ ಮೆಟ್ರೊದಲ್ಲಿ ಅಂಗವೊಂದನ್ನು ಹೀಗೆ ಸಾಗಿಸಿದ್ದು ಅದೇ ಮೊದಲು. ಪೇಪರಿನಲ್ಲಿ ಬಂದ ಸುದ್ದಿಯನ್ನು ಅವ್ವನಿಗೆ ಓದಿ ಹೇಳಿದೆ. ಡಾಕ್ಟರು, ಮೆಟ್ರೊ ಸಿಬ್ಬಂದಿ, ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಮುಟ್ಟಿತು, ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಆ ಹೊತ್ತಲ್ಲಿ ಕೊಟ್ಟೋರ ಮನೆಯೋರು ಎಲ್ಲಿ ಕೂತಿದ್ರಂತೆ?"

ಅದನ್ನು ಯಾರೂ ಬರೆದಿರಲಿಲ್ಲ. ಆದರೆ ಅವ್ವನಿಗೆ ಗೊತ್ತು, ನನಗೂ ಗೊತ್ತು. ಐಸಿಯು ಹೊರಗಿನ ಸ್ಟೀಲ್ ಕುರ್ಚಿಗಳ ಮೇಲೆ ಕೂತಿರುತ್ತಾರೆ.

ನಟ ಪುನೀತ್ ರಾಜ್‌ಕುಮಾರ್, ನಮ್ಮೆಲ್ಲರ ಅಪ್ಪು, ಹೋದ ಮರುವರ್ಷ, 2022ರಲ್ಲಿ, ನನ್ನ ತಮ್ಮ ತೀರಿಕೊಂಡ. ಚನ್ನರಾಯಪಟ್ಟಣದ ಕಡೆಯ ಹಳ್ಳಿಯಿಂದ ಬಂದವನು, ಬ್ರೂಕ್‌ಫೀಲ್ಡ್‌ನ ಎಇಸಿಎಸ್ ಲೇಔಟಿನ ನಮ್ಮ ಮನೆಯಲ್ಲೇ ಇದ್ದುಕೊಂಡು ಐಟಿಪಿಎಲ್ ಕಡೆ ಕಂಪನಿಯೊಂದಕ್ಕೆ ಹೋಗುತ್ತಿದ್ದ. ಮದುವೆಯಾಗಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವಾಗ ತಿರುವಿನಲ್ಲಿ ನೀರಿನ ಟ್ಯಾಂಕರ್ ಬೈಕಿಗೆ ಬಡಿಯಿತು. ಹೆಲ್ಮೆಟ್ ಹಾಕಿದ್ದ. ಗದ್ದದ ಕೆಳಗಿನ ಪಟ್ಟಿ ಬಿಗಿದಿರಲಿಲ್ಲ. ಹೆಲ್ಮೆಟ್ ದೂರದಲ್ಲಿ, ಹೆಚ್ಚೇನೂ ಪೆಟ್ಟಾಗದೆ ಸಿಕ್ಕಿತು.

ಅವ್ವ ಸೋದರಮಾವನ ಜೊತೆ ಬೆಳಗಿನ ಬಸ್ಸಿಗೇ ಬಂದಳು. ಬರುವಾಗಲೇ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಧರ್ಮಸ್ಥಳದ ಮಂಜುನಾಥನಿಗೆ ಮುಡಿಪು ತೆಗೆದಿಟ್ಟಿದ್ದಳು. ಆ ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡೇ ಐಸಿಯು ಒಳಗೆ ಹೋದಳು. ತಮ್ಮನ ಎದೆ ಏರಿಳಿಯುತ್ತಿತ್ತು, ಕೈ ಬೆಚ್ಚಗಿತ್ತು. ಹೊರಗೆ ಬಂದು ನನ್ನ ಕೈ ಹಿಡಿದು, "ಉಸಿರಾಡ್ತಾವ್ನೆ ಕಣವ್ವ, ಏನೂ ಆಗಕ್ಕಿಲ್ಲ" ಅಂದಳು. ಊರಿನ ಗುಡಿಯಲ್ಲಿ ಅಭಿಷೇಕಕ್ಕೆ ಹೇಳಿದ್ದಾಯಿತು. ನಮ್ಮ ಪಕ್ಕದ ಮನೆಯ ಕ್ರೈಸ್ತ ದಂಪತಿ ಚರ್ಚಿನಲ್ಲಿ ಪ್ರಾರ್ಥನೆಗೆ ಹೆಸರು ಕೊಟ್ಟರು. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ದರ್ಗಾದ ದಾರ ತಂದುಕೊಟ್ಟರು. ಆ ಪ್ರಾರ್ಥನೆಗಳಲ್ಲಿ ಒಂದನ್ನೂ ನಾನು ಇವತ್ತಿಗೂ ವ್ಯರ್ಥ ಅನ್ನುವುದಿಲ್ಲ. ಆ ರಾತ್ರಿಗಳಲ್ಲಿ ಅವ್ವ ಕುಸಿದು ಬೀಳದೆ ಕೂತಿದ್ದು ಅವುಗಳ ಬಲದಿಂದಲೇ.

ವೈದ್ಯರು ಮೆದುಳು ಸತ್ತಿದೆ ಎಂಬ ಮಾತನ್ನು ಮೊದಲು ನನಗೆ ಇಂಗ್ಲಿಷಿನಲ್ಲಿ ಹೇಳಿದರು, ನನಗೆ ಅರ್ಥವಾಯಿತು. ಅವ್ವನಿಗೆ ಹೇಳುವ ಶಕ್ತಿ ನನಗಿರಲಿಲ್ಲ. ಅಷ್ಟರಲ್ಲಿ ನೆಂಟರ ಫೋನುಗಳು ಶುರುವಾಗಿದ್ದವು. ಯಾರೋ ತಿಂಗಳಾನುಗಟ್ಟಲೆ ಕೋಮಾದಲ್ಲಿದ್ದು ಎದ್ದು ಕೂತರಂತೆ, ಇನ್ಯಾರಿಗೋ ಡಾಕ್ಟರು ಕೈಬಿಟ್ಟ ಮೇಲೆ ದೇವರು ಕಣ್ಣು ಬಿಟ್ಟನಂತೆ. ಕೋಮಾ ಬೇರೆ, ಇದು ಬೇರೆ. ಕೋಮಾದಲ್ಲಿ ಮೆದುಳು ಜೀವಂತವಾಗಿರುತ್ತದೆ, ಎಚ್ಚರ ಮಾತ್ರ ಇರುವುದಿಲ್ಲ. ಕೆಲವರು ಅದರಿಂದ ಹೊರಗೆ ಬರುತ್ತಾರೆ. ಮೆದುಳುಕಾಂಡವೇ ಸತ್ತಾಗ ಉಸಿರಾಡು ಎಂದು ಹೇಳುವ ಅಪ್ಪಣೆಯೇ ನಿಂತುಹೋಗುತ್ತದೆ. ವೆಂಟಿಲೇಟರ್ ಗಾಳಿ ತುಂಬುತ್ತಿರುವಷ್ಟು ಹೊತ್ತು ಹೃದಯ ತನ್ನ ಪಾಡಿಗೆ ಬಡಿಯುತ್ತಿರುತ್ತದೆ, ಅಷ್ಟೇ. ಅದೂ ಬಹಳ ಕಾಲ ಅಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಇದನ್ನು ಒಬ್ಬ ವೈದ್ಯರು ನೋಡಿ ಹೇಳಿದರೆ ಸಾಲದು. ನಾಲ್ಕು ಜನ ವೈದ್ಯರ ತಂಡ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು, ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಮಾಡಬೇಕು, ಕಸಿ ಮಾಡುವ ತಂಡದವರು ಅದರಲ್ಲಿ ಇರಕೂಡದು.

ಇಷ್ಟನ್ನೂ ಅವ್ವನಿಗೆ ತಲುಪಿಸಿದವರು ಉತ್ತರ ಕನ್ನಡದ ಕಡೆಯ ಒಬ್ಬ ಯುವ ವೈದ್ಯೆ. ನೆಲದ ಮೇಲೆ ಅವ್ವನ ಪಕ್ಕ ಕೂತು, ಕನ್ನಡದಲ್ಲಿ, ನಿಧಾನಕ್ಕೆ ಹೇಳಿದರು. "ಅಮ್ಮ, ಉಸಿರಾಡ್ತಾ ಇರೋದು ಯಂತ್ರ. ಸ್ವಲ್ಪ ಹೊತ್ತು ಯಂತ್ರ ತೆಗೆದು ನೋಡಿದ್ವಿ. ಅವರಾಗಿ ಒಂದು ಉಸಿರೂ ತಗೊಳ್ಳಲಿಲ್ಲ. ಎರಡು ಸಲ ನೋಡಿದ್ವಿ." ಅವ್ವ ಅಳಲಿಲ್ಲ. "ಮೂರನೇ ಸಲ ನೋಡ್ತೀರಾ?" ಅಂದಳು. ಆ ವೈದ್ಯೆ ಸುಳ್ಳು ಭರವಸೆ ಕೊಡಲಿಲ್ಲ, ಬೇಡ ಅಂತಲೂ ಒರಟಾಗಿ ಹೇಳಲಿಲ್ಲ. "ನೋಡಿದರೂ ಅದೇ ಬರುತ್ತದೆ ಅಮ್ಮ" ಅಂದರು. ಈ ಬ್ರೂಕ್‌ಫೀಲ್ಡ್‌, ವೈಟ್‌ಫೀಲ್ಡ್‌ ಸುತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ. ಹಳ್ಳಿಯಿಂದ ಬಂದ ತಾಯಿಗೆ ಸಾವಿನ ಸುದ್ದಿಯನ್ನು ಅವಳ ಮಾತಿನಲ್ಲಿ ಹೇಳುವ ಒಬ್ಬರು ಎಲ್ಲ ಐಸಿಯುಗಳಲ್ಲೂ ಇರಬೇಕೆಂದು ನನ್ನ ಆಸೆ.

ಆಮೇಲೆ ಆಸ್ಪತ್ರೆಯ ಅಂಗಾಂಗ ಕಸಿ ಕೋಆರ್ಡಿನೇಟರ್ ಬಂದರು. ಅಂಗದಾನದ ಮಾತು ಎತ್ತಿದರು. ಬಲವಂತ ಮಾಡಲಿಲ್ಲ. ಇಲ್ಲ ಅನ್ನುವ ಹಕ್ಕು ನಿಮಗಿದೆ ಎಂದು ಅವರೇ ಹೇಳಿದರು. ದಧೀಚಿ ಮುನಿ ತನ್ನ ಮೂಳೆಯನ್ನೇ ದೇವತೆಗಳಿಗೆ ಕೊಟ್ಟ ಕಥೆಯನ್ನು ಅಲ್ಲಿದ್ದ ಹಿರಿಯರೊಬ್ಬರು ಅವ್ವನಿಗೆ ನೆನಪಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಆಗ ಹೊಳೆದದ್ದು, ಆಮೇಲೆ ನನ್ನನ್ನು ಬಿಡದೆ ಕಾಡಿದ್ದು ಬೇರೆ. ದಧೀಚಿ ಕೊಟ್ಟಿದ್ದು ತನ್ನ ಮೂಳೆ. ಇಲ್ಲಿ ಕೊಡಬೇಕಾದವಳು ತಾಯಿ, ಅದೂ ಮಗನದ್ದು. ತನ್ನದನ್ನು ಕೊಡುವುದು ಎಷ್ಟೋ ಹಗುರ.

ಸೋದರಮಾವ ಒಪ್ಪಲಿಲ್ಲ. ಕಣ್ಣು ತೆಗೆಸಿದರೆ ಮುಂದಿನ ಜನ್ಮಕ್ಕೆ ಕುರುಡನಾಗಿ ಹುಟ್ಟುತ್ತಾನೆ ಎಂದರು. ವೈದ್ಯರು ಏನು ಹೇಳಿದರೂ ಅವರು ಅಲುಗಾಡಲಿಲ್ಲ. ನನ್ನ ಗಂಡ ಮಾತ್ರ ಮೆಲ್ಲಗೆ, "ಮಾವ, ಅಣ್ಣಾವ್ರು ಕೊಟ್ಟಿದ್ರಲ್ಲ?" ಅಂದರು. ಮಾವ ಸುಮ್ಮನಾದರು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಕಣ್ಣುಗಳನ್ನು ದಾನ ಮಾಡಿದ್ದು, 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗಲೂ ಮನೆಯವರು ಹಾಗೇ ಮಾಡಿದ್ದು, ಅಪ್ಪುವಿನ ಕಣ್ಣಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಅವರಿಗೂ ಗೊತ್ತಿತ್ತು. "ಅವರ್ನ ದೇವ್ರು ಕುರುಡ್ರು ಮಾಡ್ತಾನಾ? ಮಾಡಕ್ಕಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ನಾಡು ಪ್ರೀತಿಸಿದ ಒಂದು ಮನೆ ದುಃಖದ ಹೊತ್ತಿನಲ್ಲಿ ನಡೆದುಕೊಂಡ ರೀತಿ ಎಲ್ಲೆಲ್ಲಿಗೆ ತಲುಪುತ್ತದೆ ಅನ್ನುವುದನ್ನು ನಾನು ಅವತ್ತು ಕಣ್ಣಾರೆ ನೋಡಿದೆ.

ಅವ್ವ ಒಂದಷ್ಟು ಹೊತ್ತು ತಮ್ಮನ ಬಳಿ ಒಬ್ಬಳೇ ಇರಬೇಕು ಅಂದಳು. ಏನು ಬೇಡಿಕೊಂಡಳೋ ನಾನು ಕೇಳಿಲ್ಲ, ಅವಳು ಹೇಳಿಲ್ಲ. ಹೊರಗೆ ಬಂದು ವೈದ್ಯೆಯನ್ನು ಕೇಳಿದಳು: ಅವನಿಗೆ ನೋವಾಗುತ್ತಾ, ಮುಖ ಕೆಡುತ್ತಾ, ಊರಿಗೆ ಯಾವಾಗ ಕೊಡುತ್ತೀರಾ. ನೋವಾಗುವುದಿಲ್ಲ, ಮುಖ ಇದ್ದ ಹಾಗೇ ಇರುತ್ತದೆ, ಹೊಲಿಗೆ ಹಾಕಿ ಚೊಕ್ಕ ಮಾಡಿ ಕೊಡುತ್ತೇವೆ. ಆದರೆ ಹೊತ್ತು ಹಿಡಿಯುತ್ತದೆ ಎಂದು ಅವರು ಹೇಳಿದರು. ಅಪಘಾತವಾದ್ದರಿಂದ ಪೊಲೀಸರ ಮಹಜರು, ಮರಣೋತ್ತರ ಪರೀಕ್ಷೆ ಎರಡೂ ಇದ್ದವು. ಅವ್ವ ಸಹಿ ಮಾಡಿದಳು. ಸರ್ಕಾರದ ಜೀವಸಾರ್ಥಕತೆ ಸಂಸ್ಥೆಯ ಕಾಯುವವರ ಪಟ್ಟಿಯ ಪ್ರಕಾರ ಅಂಗಗಳು ಹೋದವು. ಯಾರಿಗೆ ಹೋಯಿತು ಎಂದು ಮನೆಯವರಿಗೆ ತಿಳಿಸುವುದಿಲ್ಲ, ಇಂಥವರಿಗೆ ಕೊಡಿ ಎಂದು ಹೇಳುವ ಹಾಗೂ ಇಲ್ಲ. ಅದು ಸರಿಯಾದ ಕ್ರಮವೇ. ಜಾತಿ ಕೇಳಿಕೊಂಡು, ಉಪಕಾರ ಲೆಕ್ಕ ಹಾಕಿಕೊಂಡು ಕೊಡುವುದಾಗಿದ್ದರೆ ಅದು ಏನಾಗುತ್ತಿತ್ತೋ!

ಊರಿನಲ್ಲಿ ತೋಟದ ಬದಿಯಲ್ಲಿ ಮಣ್ಣು ಮಾಡಿದೆವು.

ತಿಥಿಗೆ ಬಂದವರ ಮಾತುಗಳ ಬಗ್ಗೆ ಇಲ್ಲಿ ಹೇಳಲೇಬೇಕು. ಒಬ್ಬರು ಅವ್ವನಿಗೆ, ಮನೆದೇವರ ಹಳೇ ಹರಕೆ ಬಾಕಿ ಉಳಿದಿತ್ತು, ಅದಕ್ಕೇ ಹೀಗಾಯಿತು ಅಂದರು. ಮತ್ತೊಬ್ಬರು ಆಯಸ್ಸು ಇಷ್ಟೇ ಬರೆದಿತ್ತು ಅಂದರು. ಮೊದಲನೆಯ ಮಾತು ಕ್ರೂರ. ಮಗನನ್ನು ಕಳೆದುಕೊಂಡವಳ ತಲೆಯ ಮೇಲೆ ಕೊಲೆಯ ಹೊರೆಯನ್ನೂ ಹೊರಿಸುವ ಮಾತು ಅದು. ಅದನ್ನು ಕೇಳಿ ಅವ್ವ ಎಷ್ಟೋ ರಾತ್ರಿ, ನಾನು ಇನ್ನೂ ಸರಿಯಾಗಿ ಬೇಡಿಕೊಳ್ಳಬೇಕಿತ್ತು ಎಂದು ಹಲುಬಿದ್ದಾಳೆ. ಪ್ರಾರ್ಥನೆ ಕಡಿಮೆ ಬಿದ್ದು ಯಾರೂ ಸಾಯುವುದಿಲ್ಲ. ಎರಡನೆಯ ಮಾತು ಸಮಾಧಾನಕ್ಕೆ ಹೇಳಿದ್ದು, ಅದನ್ನು ನಾನು ಗೌರವಿಸುತ್ತೇನೆ. ಆದರೂ ಅದನ್ನು ಪೂರ್ತಿ ಒಪ್ಪಲಾರೆ. ಹಣೆಬರಹ ಅಂದುಬಿಟ್ಟರೆ ಟ್ಯಾಂಕರಿನ ವೇಗ, ತಿರುವಿನ ಕತ್ತಲೆ, ಬಿಗಿಯದ ಪಟ್ಟಿ ಮೂರೂ ಕಣ್ಣಿಂದ ಮರೆಯಾಗುತ್ತವೆ. ಹೆಲ್ಮೆಟ್ ತಲೆಯ ಮೇಲಿದ್ದರೆ ಸಾಲದು, ಪಟ್ಟಿಯಿಂದ ಭದ್ರವಾಗಿ ಬಿಗಿದಿರಬೇಕು ಎಂದು ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲೇ ಇದೆ. ಐಟಿಪಿಎಲ್ ರಸ್ತೆಯ ಬದಿಗೆ ಬೆಳಿಗ್ಗೆ ಒಂದಷ್ಟು ಹೊತ್ತು ನಿಂತು ನೋಡಿ, ಪಟ್ಟಿ ಗಾಳಿಗೆ ಹಾರಾಡುತ್ತಿರುವ ತಲೆಗಳು ಎಷ್ಟೋ ಕಾಣುತ್ತವೆ. ಪೊಲೀಸರಿಗೆ ತೋರಿಸಲು ಹಾಕಿದ ಹೆಲ್ಮೆಟ್ ಅದು. ನನ್ನ ಮಗ ಗಾಡಿ ತೆಗೆಯುವಾಗ ಅವ್ವ ಬಾಗಿಲಿಗೆ ಬಂದು, ದೇವರ ಕುಂಕುಮ ಹಚ್ಚಿ, ಗದ್ದದ ಕೆಳಗೆ ಕೈಹಾಕಿ ಕ್ಲಿಪ್ಪು ಎಳೆದು ನೋಡುತ್ತಾಳೆ. ಅವಳಿಗೆ ಎರಡೂ ಒಂದೇ ಕೆಲಸ.

"ನಿಮ್ಮ ಮಗ ಸತ್ತಿಲ್ಲ, ಅಷ್ಟು ಜನರಲ್ಲಿ ಬದುಕಿದ್ದಾನೆ" ಎಂದು ಹೇಳುವವರೂ ಬರುತ್ತಾರೆ. ಅಂಗದಾನದ ಕಾರ್ಯಕ್ರಮಗಳಲ್ಲಿ ಈ ಮಾತು ಸಾಮಾನ್ಯ. ಅವ್ವ ಅದಕ್ಕೆ ಒಮ್ಮೆ ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ. "ಅವ್ರು ಬದುಕ್ಲಿ, ಚೆನ್ನಾಗಿರ್ಲಿ. ನನ್ ಮಗ ಇಲ್ಲ." ದಾನ ಮಾಡಿದರೆ ದುಃಖ ಕಡಿಮೆಯಾಗುತ್ತದೆ ಎಂದು ಯಾರಿಗೂ ಆಸೆ ಹುಟ್ಟಿಸಬಾರದು. ನಮಗೆ ಕಡಿಮೆಯಾಗಲಿಲ್ಲ. ಕೊಟ್ಟಿದ್ದು ಸಮಾಧಾನ ಸಿಗಲಿ ಅಂತಲ್ಲ. ಅವನಿಗೆ ಇನ್ನು ಬೇಕಿಲ್ಲದ್ದು, ಇನ್ನೊಬ್ಬರಿಗೆ ಬೇಕಾದದ್ದು ನಮ್ಮ ಕೈಯಲ್ಲಿತ್ತು ಅಂತ.

ತಿಥಿ ಕಳೆದು ಸ್ವಲ್ಪ ದಿನಕ್ಕೆ ಅವ್ವ ಧರ್ಮಸ್ಥಳಕ್ಕೆ ಹೊರಟಳು. ಮುಡಿಪನ್ನು ಹುಂಡಿಗೆ ಹಾಕಿ ಬರಬೇಕು ಅಂದಳು. ಸೋದರಮಾವ ಬೇಸರದಿಂದ, "ಏನ್ ಕೊಟ್ಟ ಅಂತ ಹಾಕ್ತೀಯಕ್ಕ?" ಅಂದರು. ಅವ್ವ ಹೇಳಿದಳು: "ಕೊಡ್ತೀನಿ ಅಂದೋಳು ನಾನು. ಅವನು ಕೊಡ್ಲಿಲ್ಲ ಅಂತ ನನ್ ಮಾತು ನಾನ್ಯಾಕೆ ತಪ್ಪಲಿ?" ನಾನು ನೇತ್ರಾವತಿಯಲ್ಲಿ ಅವಳ ಜೊತೆ ಮಿಂದು, ಸಾಲಿನಲ್ಲಿ ನಿಂತು, ಅವಳು ಆ ಹಳದಿ ಗಂಟನ್ನು ಹಾಕುವುದನ್ನು ನೋಡಿದೆ. ಭಕ್ತಿ ಅಂದರೆ ಏನು ಎಂದು ಎಷ್ಟೋ ಪ್ರವಚನ ಕೇಳಿದ್ದೇನೆ. ದೇವರ ಜೊತೆ ವ್ಯಾಪಾರ ಮುರಿದುಬಿದ್ದ ಮೇಲೂ ತನ್ನ ಪಾಲಿನದನ್ನು ತೀರಿಸಿ ಬರುವ ಹೆಂಗಸನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಮಗನ ದೇಹದ ವಿಷಯದಲ್ಲೂ ಅವಳು ನಡೆದುಕೊಂಡದ್ದು ಹೀಗೇ ಅಲ್ಲವೇ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಅನ್ನಿಸಿತು.

ಇನ್ನೊಬ್ಬನ ನೆನಪು ನನಗೆ ಪದೇಪದೇ ಬರುತ್ತದೆ. ಹರೀಶ್ ನಂಜಪ್ಪ. ಗುಬ್ಬಿ ತಾಲೂಕಿನ ಹುಡುಗ, ನಮ್ಮ ವೈಟ್‌ಫೀಲ್ಡ್ ಕಡೆಯೇ ಖಾಸಗಿ ಕೆಲಸದಲ್ಲಿದ್ದವನು. 2016ರ ಫೆಬ್ರುವರಿ 16ರಂದು ಊರಿನಿಂದ ಬೈಕಿನಲ್ಲಿ ಬೆಂಗಳೂರಿಗೆ ವಾಪಸು ಬರುವಾಗ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಬೇಡಿಕೊಂಡ. ಕಣ್ಣುಗಳನ್ನು ಪಡೆಯಲಾಯಿತು. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ ನೆರವಾಗುವ ಸಾಂತ್ವನ ಯೋಜನೆಗೆ ಸರ್ಕಾರ ಅದೇ ವರ್ಷ ಅವನ ಹೆಸರಿಟ್ಟಿತು. ಅವನು ತನ್ನ ತಾಯಿಗೆ ಆ ತೀರ್ಮಾನದ ಭಾರ ಉಳಿಸಲಿಲ್ಲ. ತಾನೇ ಹೇಳಿಹೋದ. ನಾವೆಲ್ಲ ಅಂಥ ನೋವಿನ ಗಳಿಗೆಗೆ ಕಾಯಬೇಕಾಗಿಲ್ಲ. ಆಧಾರ್ ಇದ್ದರೆ ರಾಷ್ಟ್ರೀಯ ಅಂಗಾಂಗ ಸಂಸ್ಥೆ ನೋಟೊದ ಜಾಲತಾಣದಲ್ಲಿ ಪ್ರತಿಜ್ಞೆ ನೋಂದಾಯಿಸಬಹುದು. ಆದರೆ ನಾವು ಬರೆದುಕೊಟ್ಟಿದ್ದರೂ ಆ ಹೊತ್ತಿಗೆ ವೈದ್ಯರು ಕೇಳುವುದು ಮನೆಯವರನ್ನೇ. ಅವರಿಗೆ ಗೊತ್ತಿರದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಸತ್ತವರಿಂದ ಅಂಗಾಂಗ ತೆಗೆಯಲು ಸಾಮಾನ್ಯವಾಗಿ ಮೆದುಳು ಸತ್ತು ಹೃದಯ ಬಡಿಯುತ್ತಿರಬೇಕು, ಅಂಥ ಸಾವು ಅಪರೂಪ. ಕಣ್ಣು ಹಾಗಲ್ಲ, ಮನೆಯಲ್ಲಿ ತೀರಿಕೊಂಡವರೂ ಕೊಡಬಹುದು. ಆರು ಗಂಟೆಯೊಳಗೆ ನೇತ್ರಬ್ಯಾಂಕಿಗೆ ತಿಳಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನು ಆರಿಸಿ, ತಲೆದಿಂಬು ಸ್ವಲ್ಪ ಎತ್ತರ ಮಾಡಿಟ್ಟರೆ ಸಾಕು. ಉಳಿದದ್ದು ಅವರೇ ಬಂದು ಮಾಡುತ್ತಾರೆ.

ಹೋದ ಯುಗಾದಿಗೆ ಊರಲ್ಲಿ ಎಲ್ಲರೂ ಸೇರಿದ್ದಾಗ ನಾನು ಈ ಮಾತು ಎತ್ತಿದೆ. ಹಬ್ಬದ ದಿನ ಸಾವಿನ ಮಾತು ಯಾಕೆ ಎಂದು ಅತ್ತಿಗೆ ಗದರಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಹೇಳಿದೆ: ನನ್ನದು ಏನೇನು ಬರುತ್ತದೋ ಎಲ್ಲ ಕೊಡಿ, ಯೋಚನೆ ಮಾಡುತ್ತ ಕೂರಬೇಡಿ. ನನ್ನ ಗಂಡನೂ ಹೇಳಿದರು. ಮಗ, ಇನ್ನೂ ಯೋಚಿಸಬೇಕು ಅಂದ. ಯೋಚಿಸಲಿ.

ಅವ್ವ ಹೋಳಿಗೆ ತಟ್ಟುತ್ತಿದ್ದವಳು ಅಲ್ಲಿಂದಲೇ ಕೇಳಿದಳು. "ನಂಗೆ ಪೊರೆ ಆಪರೇಶನ್ ಆಗದೆ. ಈ ಕಣ್ಣ ತಗೋತಾರಾ?"

ತಗೋತಾರೆ ಅಂದೆ. ಪೊರೆ ತೆಗೆಸಿದವರು, ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆ ಇರುವವರು, ಎಷ್ಟೇ ವಯಸ್ಸಾದವರು, ಎಲ್ಲರದ್ದೂ ತಗೋತಾರೆ ಎಂದು ವಿವರಿಸಿದೆ. ಅವ್ವ ಸೋದರಮಾವನ ಕಡೆ ತಿರುಗಿ, "ಕೇಳುಸ್ಕಂಡಾ? ಇವಳು ಬೆಂಗಳೂರಲ್ಲಿರ್ತಾಳೆ. ಆರು ಗಂಟೆವೊಳಗೆ ಫೋನ್ ಮಾಡೋನು ನೀನೇ" ಅಂದಳು. ಮಾವ ನೇತ್ರಬ್ಯಾಂಕಿನ ನಂಬರನ್ನು ನನ್ನಿಂದ ಬರೆಸಿಕೊಂಡು, ತಮ್ಮ ಮೊಬೈಲಿನಲ್ಲೂ ಹಾಕಿಸಿಕೊಂಡರು.