ಉಪಕರಣದ ಬದಲಾವಣೆಯೂ ಬಳಸುವವರ ಸಮ್ಮತಿಯೂ

ಬರಹಗಾರನಿಗೆ ಲೇಖನಿ ಹೇಗೋ, ಜಾಲತಾಣವನ್ನು ನಡೆಸುವವನಿಗೆ ಎಡಿಟರ್, ಎಂದರೆ ಬರೆದು ತಿದ್ದುವ ಸಾಧನ, ಹಾಗೆ. ಕೈಗೆ ಒಗ್ಗಿದ ಆ ಸಾಧನವನ್ನು ಮತ್ತೊಬ್ಬರು ಬದಲಿಸಿದರೆ ಬಳಸುವವನ ಹಕ್ಕೇನು? 2018ರಲ್ಲಿ ವರ್ಡ್‌ಪ್ರೆಸ್ ತಂತ್ರಾಂಶದ ವಿಷಯದಲ್ಲಿ ಎದ್ದ ವಿವಾದವು ಈ ಪ್ರಶ್ನೆಯನ್ನು ಮುಂದಿಟ್ಟಿತು. ಅದನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಜಾಲತಾಣಗಳಲ್ಲಿ ಬರಹ ಚಿತ್ರಗಳನ್ನು ಪ್ರಕಟಿಸಲು ನೆರವಾಗುವ ವರ್ಡ್‌ಪ್ರೆಸ್ಸನ್ನು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬುವರು 2003ರ ಮೇ ತಿಂಗಳಲ್ಲಿ ಹೊರತಂದರು. ಅದು ಬಿ2 ಎಂಬ ಹಿಂದಿನ ತಂತ್ರಾಂಶದಿಂದ ಒಡೆದ ಕವಲು. ಜಿ.ಪಿ.ಎಲ್. ಎಂಬ ಮುಕ್ತ ಪರವಾನಗಿಯ ಮೇರೆಗೆ ಅದರ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇಂದು ಪ್ರಪಂಚದ ಜಾಲತಾಣಗಳಲ್ಲಿ ಸುಮಾರು ಹತ್ತಕ್ಕೆ ನಾಲ್ಕು ಇದನ್ನೇ ಆಶ್ರಯಿಸಿವೆ.

2018ರ ಡಿಸೆಂಬರ್ 6ರಂದು ಇದರ 5.0 ಆವೃತ್ತಿ ಬಿಡುಗಡೆಯಾಯಿತು. ಹಳೆಯ ಎಡಿಟರ್ ಒಂದೇ ಬಿಳಿಹಾಳೆಯಂತೆ ಇತ್ತು. ಹೊಸದರಲ್ಲಿ ಪ್ರತಿಯೊಂದು ಕಂಡಿಕೆ, ಶೀರ್ಷಿಕೆ, ಚಿತ್ರವೂ ಬೇರೆ ಬೇರೆ ಬ್ಲಾಕ್. ಜರ್ಮನಿಯ ಮುದ್ರಣಕಾರನ ನೆನಪಿಗೆ ಅದನ್ನು ಗುಟೆನ್‌ಬರ್ಗ್ ಎಂದು ಕರೆದರು. ಸಂಕೇತಭಾಷೆ ಅರಿಯದವನೂ ಪುಟವನ್ನು ತಾನೇ ಜೋಡಿಸಬಹುದೆಂಬುದು ರೂಪಿಸಿದವರ ವಾದ. ಆ ವಾದದಲ್ಲಿ ಹುರುಳಿತ್ತು.

ಆದರೂ ವಿರೋಧ ಬಲವಾಗಿತ್ತು. ಹಳೆಯ ಎಡಿಟರನ್ನು ನಂಬಿ ವರ್ಷಗಟ್ಟಲೆ ಕಟ್ಟಿದ ಪ್ಲಗಿನ್‌ಗಳು ಕೆಡಬಹುದೆಂಬ ಭಯ ಮೊದಲನೆಯದು. ಅವನ್ನು ಸರಿಪಡಿಸುವ ವೆಚ್ಚ ಸಣ್ಣ ತಾಣಗಳನ್ನು ನಡೆಸುವವರ ಮೇಲೆ ಬೀಳುತ್ತಿತ್ತು. ಬಿಡುಗಡೆಯ ದಿನಾಂಕವನ್ನು ಕೆಲವೇ ದಿನ ಮೊದಲು ತಿಳಿಸಿದ್ದು ಎರಡನೆಯದು. ಮೂರನೆಯದು ಇವೆಲ್ಲಕ್ಕಿಂತ ಗಂಭೀರವಾದುದು. ದೃಷ್ಟಿಹೀನರು ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ, ಕೀಲಿಮಣೆಯೊಂದರಿಂದಲೇ ಕೆಲಸ ಮಾಡುತ್ತಾರೆ. ಹೊಸ ಎಡಿಟರ್ ಅವರಿಗೆ ಕಷ್ಟಕರವಾಗಿತ್ತು. ಇಂತಹವರ ಸೌಕರ್ಯವನ್ನು ನೋಡಿಕೊಳ್ಳುತ್ತಿದ್ದ ತಂಡದ ನಾಯಕಿ 2018ರ ಅಕ್ಟೋಬರ್‌ನಲ್ಲಿ ಆ ಹೊಣೆಯನ್ನೇ ತ್ಯಜಿಸಿದರು.

ವಿರೋಧವು ಕೇವಲ ದೂರಿನಲ್ಲಿ ಮುಗಿಯಲಿಲ್ಲ. ಹಳೆಯ ಎಡಿಟರನ್ನು ಉಳಿಸಿಕೊಳ್ಳಬಯಸುವವರಿಗೆ 'ಕ್ಲಾಸಿಕ್ ಎಡಿಟರ್' ಎಂಬ ಪ್ಲಗಿನ್ ದೊರೆಯಿತು. 2021ರ ಕೊನೆಯವರೆಗೆ ಎಂದಿದ್ದ ಅದರ ಪೋಷಣೆಯನ್ನು ಮುಂದೆ ವಿಸ್ತರಿಸಬೇಕಾಯಿತು. ಅದನ್ನು ಅಳವಡಿಸಿಕೊಂಡ ತಾಣಗಳು ಐವತ್ತು ಲಕ್ಷಕ್ಕೂ ಮೀರಿದವು. ಇನ್ನು ಕೆಲವರು ಪರವಾನಗಿ ಕೊಟ್ಟ ಸ್ವಾತಂತ್ರ್ಯವನ್ನು ಬಳಸಿ 'ಕ್ಲಾಸಿಕ್‌ಪ್ರೆಸ್' ಎಂಬ ಹೊಸ ಕವಲನ್ನೇ ಒಡೆದರು. ಅದರ ಮೊದಲ ಪೂರ್ಣ ಆವೃತ್ತಿ 2019ರ ಮಾರ್ಚ್‌ನಲ್ಲಿ ಬಂದಿತು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವರ್ಡ್‌ಪ್ರೆಸ್ ಬಳಸುವವರ ಬಳಗವಾದ 'ಡಬ್ಲ್ಯು.ಪಿ. ಕ್ಯಾಂಪಸ್' ದೇಣಿಗೆ ಕೂಡಿಸಿ, ಹೊಸ ಎಡಿಟರನ್ನು ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸಿ, 2019ರ ಮೇ ತಿಂಗಳಲ್ಲಿ ವರದಿಯನ್ನು ಪ್ರಕಟಿಸಿತು. ವರದಿ ತೋರಿಸಿದ ದೋಷಗಳಲ್ಲಿ ಹಲವು ಮುಂದೆ ತಿದ್ದಲ್ಪಟ್ಟವು.

ಇಲ್ಲಿ ಹೊಸದು ಕೆಟ್ಟದು, ಹಳೆಯದು ಒಳ್ಳೆಯದು ಎಂಬ ತೀರ್ಮಾನಕ್ಕೆ ಎಡೆಯಿಲ್ಲ. ಹಲವರ ಆಕ್ಷೇಪವಿದ್ದುದು ಬದಲಾವಣೆಗಿಂತಲೂ ಅದನ್ನು ಹೇರಿದ ರೀತಿಗೆ. ಮೂಲವು ಮುಕ್ತವಾಗಿದ್ದುದರಿಂದಲೇ ಒಪ್ಪದವರಿಗೆ ಬೇರೆ ದಾರಿ ಉಳಿಯಿತು. ಆದರೆ ಕವಲೊಡೆಯುವ ಶಕ್ತಿ ಎಲ್ಲರಿಗೂ ಇರದು. ಆದುದರಿಂದ ಪರವಾನಗಿಯ ಸ್ವಾತಂತ್ರ್ಯವೊಂದೇ ಸಾಲದು. ಪಠ್ಯವನ್ನಾಗಲಿ ಬೋಧನಾ ಸಾಧನವನ್ನಾಗಲಿ ಬದಲಿಸ ಹೊರಟ ಶಿಕ್ಷಕರೂ ಆಡಳಿತದವರೂ ಅದು ಅತ್ಯಂತ ದುರ್ಬಲ ವಿದ್ಯಾರ್ಥಿಯ ಕೈಗೆ ಒಗ್ಗುವುದೇ ಎಂದು ಮೊದಲು ಪರೀಕ್ಷಿಸಬೇಕು. ಒಗ್ಗುವವರೆಗೆ ಹಳೆಯದನ್ನು ಕಸಿದುಕೊಳ್ಳಬಾರದು. ಈ ಪ್ರಕರಣದಿಂದ ನಾವು ಕಲಿಯಬೇಕಾದ ಪಾಠ ಇದೇ.