ಎಸ್‌ಎಸ್‌ಡಿಗೆ ಸರಿಯಾದ ಕೇಬಲ್ ಆರಿಸುವುದು ಹೇಗೆ?

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಕಂಪ್ಯೂಟರ್ ಬಗ್ಗೆ ಬರೆಯಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಒಂದು ಕೇಬಲ್‌ನಿಂದ ನಮ್ಮ ಮನೆಯಲ್ಲಿ ನಷ್ಟವಾಯಿತು, ಆಮೇಲೆ ಅದರ ಲೆಕ್ಕ ಹಾಕಿ ನೋಡಿದೆ. ಆ ಲೆಕ್ಕ ನಿಮಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಅಕ್ಕನನ್ನು ಆಪಾ ಎಂದೂ ಅಕ್ಕನ ಗಂಡನನ್ನು ದುಲ್ಹೇ ಭಾಯ್ ಎಂದೂ ಕರೆಯುತ್ತೇವೆ. ಆಪಾ ಮದುವೆಯ ವಿಡಿಯೊ, ಫೋಟೊ ಎಲ್ಲ ಸೇರಿ 240 ಜಿಬಿ ಇತ್ತು. ಅದೆಲ್ಲ ಇದ್ದದ್ದು ನಮ್ಮ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಆ ಲ್ಯಾಪ್‌ಟಾಪ್ ಕೆಟ್ಟಿತು. ರಿಪೇರಿಯವರು "ಮದರ್‌ಬೋರ್ಡ್ ಹೋಗಿದೆ, ಡಿಸ್ಕ್ ಚೆನ್ನಾಗಿದೆ" ಎಂದು ಹೇಳಿ ಒಳಗಿನ ಎಸ್‌ಎಸ್‌ಡಿಯನ್ನು ಬಿಚ್ಚಿ ಕೈಗೆ ಕೊಟ್ಟರು. ಅದನ್ನು ಹಾಕಲು ಕೆಲವು ನೂರು ರೂಪಾಯಿಗೆ ಒಂದು ಟೈಪ್-ಸಿ ಕೇಸ್ ತಂದೆ. ಅದರ ಡಬ್ಬಿಯಲ್ಲಿ ಒಂದು ಗೇಣು ಉದ್ದದ ಕೇಬಲ್ ಕೂಡ ಇತ್ತು. ಇಷ್ಟು ಗಿಡ್ಡ ಕೇಬಲ್ ಯಾತಕ್ಕೆ ಎಂದು ಅದನ್ನು ಮೇಜಿನ ಖಾನೆಗೆ ಹಾಕಿದೆ. ಫೋನ್ ಚಾರ್ಜರಿನ ಉದ್ದನೆಯ ಬಿಳಿ ಕೇಬಲ್ ತೆಗೆದುಕೊಂಡೆ. ಅದೂ ಟೈಪ್-ಸಿ ತಾನೇ!

ಅಂದು ದುಲ್ಹೇ ಭಾಯ್ ಸೌದಿಗೆ ವಾಪಸ್ ಹೊರಡುವ ದಿನ. ಬಸ್ಸಿಗೆ 40 ನಿಮಿಷ ಇರುವಾಗ ಅವರ ಲ್ಯಾಪ್‌ಟಾಪ್‌ಗೆ ಕಾಪಿ ಹಾಕಿದೆ. ಪರದೆಯ ಮೇಲೆ ಸೆಕೆಂಡಿಗೆ 40 ಎಂಬಿ ಎಂದು ಬಂತು. ಇನ್ನೂ ಒಂದೂವರೆ ಗಂಟೆಗಿಂತ ಹೆಚ್ಚು ಬೇಕು ಎಂದು ತೋರಿಸಿತು. ಅರ್ಧಕ್ಕೂ ಬರುವ ಮೊದಲೇ ನಿಲ್ಲಿಸಬೇಕಾಯಿತು. ದಾದಿ ಇಬ್ಬರ ತಲೆ ಮೇಲೆ ಕೈಯಿಟ್ಟು ಹರಸಿದ ಭಾಗ ಇಲ್ಲೇ ಉಳಿಯಿತು. ದುಲ್ಹೇ ಭಾಯ್ "ಪರವಾಗಿಲ್ಲ, ಮುಂದಿನ ರಜೆಗೆ ತಗೊಳ್ತೀನಿ" ಎಂದರು. ಆ ಮಾತಿನಿಂದ ನನಗೆ ಇನ್ನೂ ಬೇಸರವಾಯಿತು.

ಕಾಲೇಜಿನಲ್ಲಿ ಲ್ಯಾಬ್ ಸರ್‌ಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಎಂಬಿ ತೋರಿಸ್ತಿತ್ತು?" 40 ಎಂದೆ. "ಹಾಗಾದರೆ ಡಿಸ್ಕ್ ಬಿಡು, ಮೊದಲು ಕೇಬಲ್ ನೋಡು" ಎಂದರು.

1. ಟೈಪ್-ಸಿ ಎಂದರೆ ಆಕಾರ, ವೇಗ ಅಲ್ಲ

ನಾನು ತಪ್ಪಿದ್ದು ಇಲ್ಲಿ. ಟೈಪ್-ಎ, ಟೈಪ್-ಸಿ ಎಂಬುವು ತುದಿಯ ಆಕಾರದ ಹೆಸರುಗಳು. ಒಳಗೆ ಎಷ್ಟು ತಂತಿಗಳಿವೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಫೋನ್ ಜೊತೆ ಬರುವ ಬಹಳಷ್ಟು ಟೈಪ್-ಸಿ ಕೇಬಲ್‌ಗಳು ಚಾರ್ಜಿಂಗ್‌ಗಾಗಿ ಮಾಡಿದವು. ಅವುಗಳಲ್ಲಿ ಮಾಹಿತಿ ಸಾಗಿಸಲು ಹಳೆಯ ಯುಎಸ್‌ಬಿ 2.0ರ ತಂತಿಗಳು ಮಾತ್ರ ಇರುತ್ತವೆ. ಚಾರ್ಜ್ ಬೇಗ ಆಗುತ್ತದೆ, ಫೈಲು ನಿಧಾನವಾಗಿ ಹೋಗುತ್ತದೆ.

ಟೈಪ್-ಎ ಆದರೆ ಕಣ್ಣಿನಿಂದಲೇ ಗುರುತಿಸಬಹುದು. ಯುಎಸ್‌ಬಿ 2.0 ತುದಿಯೊಳಗೆ 4 ಪಿನ್ ಇರುತ್ತವೆ. 3.0ರಲ್ಲಿ ಹಿಂದೆ ಇನ್ನೂ 5 ಸೇರಿ 9 ಇರುತ್ತವೆ. ಒಳಗಿನ ಪ್ಲಾಸ್ಟಿಕ್ ಹೆಚ್ಚಾಗಿ ನೀಲಿ ಇರುತ್ತದೆ. ಆದರೆ ಬಣ್ಣವನ್ನೇ ನಂಬಬೇಡಿ, ಪಿನ್ ಎಣಿಸಿ.

2. ಹೆಸರು ಬಿಡಿ, ಸಂಖ್ಯೆ ನೋಡಿ

ಪ್ರತಿ ಸೆಕೆಂಡಿಗೆ ಗರಿಷ್ಠ ವೇಗ ಹೀಗಿದೆ:

ಯುಎಸ್‌ಬಿ 2.0 (2000): 480 ಮೆಗಾಬಿಟ್
ಯುಎಸ್‌ಬಿ 3.0 (2008): 5 ಗಿಗಾಬಿಟ್
ಯುಎಸ್‌ಬಿ 3.1 (2013): 10 ಗಿಗಾಬಿಟ್
ಯುಎಸ್‌ಬಿ 3.2 (2017): 20 ಗಿಗಾಬಿಟ್
ಯುಎಸ್‌ಬಿ 4 (2019): 40 ಗಿಗಾಬಿಟ್

ಇದರಲ್ಲಿ ಒಂದು ಗೊಂದಲವಿದೆ. ಹಳೆಯ 3.0ಕ್ಕೆ ಮೊದಲು "3.1 ಜೆನ್ 1" ಎಂದು, ಆಮೇಲೆ "3.2 ಜೆನ್ 1" ಎಂದು ಹೆಸರು ಬದಲಾಯಿತು. ವೇಗ ಮಾತ್ರ ಅದೇ 5 ಗಿಗಾಬಿಟ್. ಆದ್ದರಿಂದ ಡಬ್ಬಿಯ ಮೇಲೆ 3.2 ಎಂದು ಓದಿ ಖುಷಿಪಡಬೇಡಿ. 5, 10, 20 ಇವುಗಳಲ್ಲಿ ಯಾವ ಸಂಖ್ಯೆ ಬರೆದಿದೆ ಎಂದು ಹುಡುಕಿ.

ಇನ್ನೊಂದು ವಿಷಯ: ಬಿಟ್ ಬೇರೆ, ಬೈಟ್ ಬೇರೆ. 8 ಬಿಟ್‌ಗೆ 1 ಬೈಟ್. 480 ಮೆಗಾಬಿಟ್‌ ಅನ್ನು 8ರಿಂದ ಭಾಗಿಸಿದರೆ 60 ಎಂಬಿ ಬರುತ್ತದೆ. ನಿಜವಾಗಿ ಕೈಗೆ ಸಿಗುವುದು 35ರಿಂದ 40. ನನ್ನ ಪರದೆಯ ಮೇಲೆ ಬಂದದ್ದೂ ಅದೇ 40! ಸರ್ ಅಷ್ಟು ಬೇಗ ಹೇಗೆ ಹೇಳಿದರು ಎಂದು ಆಗ ಗೊತ್ತಾಯಿತು.

3. ನಾಲ್ಕರಲ್ಲಿ ನಿಧಾನವಾದದ್ದೇ ಯಜಮಾನ

ಮೇಲಿನ ಟ್ಯಾಂಕಿನಿಂದ ನಲ್ಲಿಗೆ ದೊಡ್ಡ ಪೈಪು ಹಾಕಿ, ಮಧ್ಯದಲ್ಲಿ ಒಂದು ಅಡಿ ಮಾತ್ರ ಸಣ್ಣ ಪೈಪು ಜೋಡಿಸಿದರೆ ನೀರು ಸಣ್ಣ ಪೈಪಿನಷ್ಟೇ ಬರುತ್ತದೆ. ಇಲ್ಲಿಯೂ ಹಾಗೆಯೇ. ಎಸ್‌ಎಸ್‌ಡಿ, ಕೇಸ್, ಕೇಬಲ್, ಲ್ಯಾಪ್‌ಟಾಪ್‌ನ ಪೋರ್ಟ್ ಈ ನಾಲ್ಕರಲ್ಲಿ ಯಾವುದು ನಿಧಾನವೋ ಅದೇ ಒಟ್ಟು ವೇಗ.

ಹಾಗಾಗಿ ಮೊದಲು ನಿಮ್ಮ ಡಿಸ್ಕ್ ಯಾವುದೆಂದು ತಿಳಿಯಿರಿ. ಚಪ್ಪಟೆಯಾದ ಎರಡೂವರೆ ಇಂಚಿನ ಡಿಸ್ಕ್ ಸಾಮಾನ್ಯವಾಗಿ ಸಾಟಾ ಎಸ್‌ಎಸ್‌ಡಿ. ಅದು ಸೆಕೆಂಡಿಗೆ ಸುಮಾರು 550 ಎಂಬಿಗಿಂತ ಹೆಚ್ಚು ಕೊಡುವುದಿಲ್ಲ. ಅದಕ್ಕೆ 5 ಗಿಗಾಬಿಟ್ ಕೇಸ್, ಕೇಬಲ್ ಹಾಕಿದರೆ 400 ಎಂಬಿ ಆಸುಪಾಸು ಸಿಗುತ್ತದೆ. 10 ಗಿಗಾಬಿಟ್‌ನದು ಹಾಕಿದರೆ ಡಿಸ್ಕಿನ ಪೂರ್ತಿ ವೇಗ ಸಿಗುತ್ತದೆ. 20 ಗಿಗಾಬಿಟ್‌ನದಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡ.

ಚೂಯಿಂಗ್ ಗಮ್ ಪಟ್ಟಿಯಂತೆ ಸಣ್ಣಗೆ ಉದ್ದವಾಗಿರುವುದು ಎಂ.2 ಡಿಸ್ಕ್. ಅದರಲ್ಲಿ ಎನ್‌ವಿಎಂಇ ಎಂಬ ಬಗೆ ಬಹಳ ವೇಗದ್ದು. ಅದಕ್ಕೆ ಕನಿಷ್ಠ 10 ಗಿಗಾಬಿಟ್ ಕೇಸ್, ಕೇಬಲ್ ಬೇಕು. ಆಗ ಸೆಕೆಂಡಿಗೆ ಸುಮಾರು 1000 ಎಂಬಿ ಬರುತ್ತದೆ. ಎಂ.2 ಆಕಾರದಲ್ಲಿ ಸಾಟಾ ಡಿಸ್ಕ್‌ಗಳೂ ಇವೆ. ಎರಡಕ್ಕೂ ಕೇಸ್ ಬೇರೆ ಬೇರೆ. ಎರಡೂ ನಡೆಯುತ್ತದೆ ಎಂದು ಬರೆದಿದ್ದರೆ ಮಾತ್ರ ನಡೆಯುತ್ತದೆ. 20 ಗಿಗಾಬಿಟ್ ಕೇಸ್ ಕೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪ್‌ನ ಪೋರ್ಟಿಗೂ ಅಷ್ಟು ವೇಗ ಇದೆಯೇ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು 10ಕ್ಕೇ ನಿಲ್ಲುತ್ತದೆ.

4. ಯುಎಎಸ್‌ಪಿ ಇದೆಯೇ?

ಕೇಸ್ ಅಥವಾ ಅಡಾಪ್ಟರ್ ಕೇಬಲ್ ಕೊಳ್ಳುವಾಗ ಡಬ್ಬಿಯ ಮೇಲೆ ಈ ಪದ ಹುಡುಕಿ. ಹಳೆಯ ವಿಧಾನದಲ್ಲಿ ಲ್ಯಾಪ್‌ಟಾಪ್ ಒಂದು ಕೆಲಸ ಹೇಳಿ, ಅದು ಮುಗಿದ ಮೇಲೆ ಇನ್ನೊಂದು ಹೇಳುತ್ತದೆ. ಲೈಬ್ರರಿಯಲ್ಲಿ ಒಂದು ಪುಸ್ತಕ ಕೇಳಿ, ಅದು ಬಂದ ಮೇಲೆ ಇನ್ನೊಂದು ಕೇಳಿದ ಹಾಗೆ. ಯುಎಎಸ್‌ಪಿಯಲ್ಲಿ ಪೂರ್ತಿ ಪಟ್ಟಿಯನ್ನು ಒಟ್ಟಿಗೆ ಕೊಡಬಹುದು. ಸಣ್ಣ ಸಣ್ಣ ಫೈಲುಗಳು ಬಹಳ ಇದ್ದಾಗ ಇದರಿಂದ ತುಂಬಾ ಲಾಭ.

5. ಉದ್ದ ಕಡಿಮೆ ಇರಲಿ

ವೇಗ ಹೆಚ್ಚಿದಂತೆ ಉದ್ದದ ತಂತಿಯಲ್ಲಿ ಸಂಕೇತ ದುರ್ಬಲವಾಗುತ್ತದೆ. ಆದ್ದರಿಂದ ವೇಗದ ಕೇಬಲ್‌ಗಳು ಗಿಡ್ಡ ಇರುತ್ತವೆ. ನಾನು ಖಾನೆಗೆ ಹಾಕಿದ ಗೇಣುದ್ದದ ಕೇಬಲ್ ಸುಮ್ಮನೆ ಗಿಡ್ಡ ಇರಲಿಲ್ಲ!

ವಾಣಿಜ್ಯ ವಿದ್ಯಾರ್ಥಿಯ ಎರಡು ಮಾತು

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆಯ ಪಾಠ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ವಸ್ತುವಿನ ಗುಣಮಟ್ಟ, ಪ್ರಮಾಣ, ಬೆಲೆಯನ್ನು ತಿಳಿಯುವುದು ನಮ್ಮ ಹಕ್ಕು. ಅಂಗಡಿಯಲ್ಲಿ "ಫಾಸ್ಟ್ ಇದೆಯಾ?" ಎಂದು ಕೇಳಿದರೆ "ಇದೆ" ಎಂದೇ ಉತ್ತರ ಬರುತ್ತದೆ. "ಡೇಟಾ ಎಷ್ಟು ಗಿಗಾಬಿಟ್? ಎಲ್ಲಿ ಬರೆದಿದೆ, ತೋರಿಸಿ" ಎಂದು ಕೇಳಿ. ಬಿಲ್ ತೆಗೆದುಕೊಳ್ಳಿ. ಹಕ್ಕಿನ ಜೊತೆ ಜವಾಬ್ದಾರಿಯೂ ಇದೆ. ನನ್ನ ವಿಷಯದಲ್ಲಿ ಅಂಗಡಿಯವರ ತಪ್ಪು ಏನೂ ಇರಲಿಲ್ಲ. ಸರಿಯಾದ ಕೇಬಲ್ ಕೊಟ್ಟಿದ್ದರು. ಡಬ್ಬಿ ಓದದವನು ನಾನು.

ಮನೆಗೆ ತಂದ ದಿನವೇ ಒಂದು ದೊಡ್ಡ ವಿಡಿಯೊ ಫೈಲನ್ನು ಕಾಪಿ ಮಾಡಿ ನೋಡಿ. 40 ಎಂಬಿ ಸುತ್ತ ನಿಂತರೆ ಎಲ್ಲೋ ಯುಎಸ್‌ಬಿ 2.0 ಸೇರಿಕೊಂಡಿದೆ ಎಂದು ತಿಳಿಯಿರಿ. ಕೇಬಲ್ ಬದಲಿಸಿ, ಆಮೇಲೆ ಪೋರ್ಟ್ ಬದಲಿಸಿ.

ಸರ್ ಹೇಳಿದ ದಿನ ಸಂಜೆ ಖಾನೆಯಿಂದ ಆ ಗಿಡ್ಡ ಕೇಬಲ್ ತೆಗೆದೆ. ನೀಲಿ ತುದಿ, 9 ಪಿನ್. ಚಿಕ್ಕಪ್ಪನ ಮಗನ ಲ್ಯಾಪ್‌ಟಾಪ್‌ಗೆ ಹಾಕಿದೆ. ಸೆಕೆಂಡಿಗೆ 400 ಎಂಬಿ! ಒಂದು ಗಂಟೆ 40 ನಿಮಿಷದ ಕೆಲಸ 10 ನಿಮಿಷದಲ್ಲಿ ಮುಗಿಯಿತು. ಬಸ್ಸಿಗೆ 40 ನಿಮಿಷ ಇತ್ತಲ್ಲ, ಅಷ್ಟರಲ್ಲಿ ಕಾಪಿ ಮಾಡಿ ಚಹಾ ಕುಡಿಯಲೂ ಸಮಯ ಉಳಿಯುತ್ತಿತ್ತು.

ಈಗ ಆ 240 ಜಿಬಿ ಎರಡು ಕಡೆ ಇದೆ. ಒಂದೇ ಕಡೆ ಇದ್ದದ್ದು ಕೇಬಲ್‌ಗಿಂತ ದೊಡ್ಡ ತಪ್ಪಾಗಿತ್ತು. ದಾದಿಯ ಭಾಗವನ್ನು ಮಾತ್ರ ಕತ್ತರಿಸಿ ದುಲ್ಹೇ ಭಾಯ್‌ಗೆ ಫೋನಿನಲ್ಲೇ ಕಳುಹಿಸಿದ್ದೇನೆ. ಉಳಿದದ್ದಕ್ಕೆ ಅವರ ಮುಂದಿನ ರಜೆ ಕಾಯುತ್ತಿದ್ದೇವೆ. ಬಿಳಿ ಕೇಬಲ್ ಮತ್ತೆ ಚಾರ್ಜರಿಗೆ ಹೋಗಿದೆ. ಗಿಡ್ಡ ಕೇಬಲ್ ಕೇಸಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೇನೆ.